ಡಂಗುರದಿಂದ ಫಾರ್ವರ್ಡ್‌ವರೆಗೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬೇಕೆಂದು ಗುರುಗಳು ಫೋನ್ ಮಾಡಿದಾಗ, "ನೀನು ಕಂಪ್ಯೂಟರ್ ಓದಿದವನು, ಇಂಟರ್ನೆಟ್ ಬಗ್ಗೆ ಬರಿ" ಎಂದರು. ಕಂಪ್ಯೂಟರಿನ ಇತಿಹಾಸ ಪಠ್ಯಪುಸ್ತಕದಲ್ಲೇ ಸಿಗುತ್ತದೆ. ನಾನು ಬರೆಯುತ್ತಿರುವುದು ಸುದ್ದಿ ಹರಡುವ ಬಗೆಯ ಇತಿಹಾಸ. ಅದರಲ್ಲಿ ನನ್ನದೊಂದು ತಪ್ಪೂ ಸೇರಿದೆ.

ನಾನು ಸಣ್ಣವನಿದ್ದಾಗ ಮಮದಾಪುರದಲ್ಲಿ ಏನಾದರೂ ತಿಳಿಸಬೇಕಾದರೆ ಡಂಗುರ ಸಾರುತ್ತಿದ್ದರು. ಸಾರುವವನ ಮುಖ ಊರಿಗೆಲ್ಲ ಗೊತ್ತು. ಸುದ್ದಿ ಸುಳ್ಳಾದರೆ ಮರುದಿನ ಅವನನ್ನೇ ನಿಲ್ಲಿಸಿ ಕೇಳಬಹುದಿತ್ತು. ನಮ್ಮ ದೇಶದ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕದ್ದು 1995ರ ಆಗಸ್ಟ್ 15ರಂದು. ನಾನು ಅದನ್ನು ಕಂಡದ್ದು ಅದಕ್ಕಿಂತ ಎಷ್ಟೋ ವರ್ಷಗಳ ಮೇಲೆ, ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಲು ಗೋಕಾಕದ ಸೈಬರ್ ಕೆಫೆಗೆ ಹೋದ ದಿನ.

ಮುಖವಿಲ್ಲದ ಸುದ್ದಿಯ ಬಲ ನನಗೆ ಮೊದಲು ತಿಳಿದದ್ದು 2012ರಲ್ಲಿ. ಬಿ.ಇ. ಮುಗಿಸಿ ಆಗಷ್ಟೇ ಬೆಂಗಳೂರು ಸೇರಿದ್ದೆ. ಅಸ್ಸಾಮಿನ ಕೊಕ್ರಝಾರ್ ಭಾಗದಲ್ಲಿ ಗಲಭೆ ನಡೆದಿತ್ತು. ಇಲ್ಲಿರುವ ಈಶಾನ್ಯ ರಾಜ್ಯಗಳವರ ಮೇಲೂ ದಾಳಿಯಾಗುತ್ತದೆ ಎಂಬ ಎಸ್‌ಎಂಎಸ್‌ಗಳು ಹರಿದಾಡಿದವು. ಆಗಸ್ಟ್ 15ರ ಸುಮಾರಿಗೆ ಸಾವಿರಾರು ಜನ ಕೆಲಸ, ಕಾಲೇಜು ಬಿಟ್ಟು ರೈಲು ನಿಲ್ದಾಣಕ್ಕೆ ಓಡಿದರು. ಗುವಾಹಟಿಗೆ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಹೇಳಿದಂಥ ದೊಡ್ಡ ದಾಳಿ ನಡೆಯಲೇ ಇಲ್ಲ. ಕೇಂದ್ರ ಸರ್ಕಾರ 15 ದಿನ ಸಾಮೂಹಿಕ ಎಸ್‌ಎಂಎಸ್ ನಿಷೇಧಿಸಿ 5ರ ಮಿತಿ ಹಾಕಿತು.

ಆಮೇಲೆ ಮೊಬೈಲ್ ಬದಲಾಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. ಅಕ್ಷರಗಳಿದ್ದ ಜಾಗಕ್ಕೆ ವಿಡಿಯೋ ಬಂತು. 2018ರಲ್ಲಿ ಮಕ್ಕಳ ಕಳ್ಳರ ವಿಡಿಯೋ ಒಂದು ವಾಟ್ಸಾಪ್‌ನಲ್ಲಿ ಎಲ್ಲರ ಕೈಗೂ ಬಂತು. ಬೈಕಿನ ಮೇಲೆ ಬಂದವರು ಆಡುವ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ಅದು ನಿಜಕ್ಕೂ ಪಾಕಿಸ್ತಾನದ ಕರಾಚಿಯಲ್ಲಿ ತಯಾರಾದ ಜಾಗೃತಿ ಚಿತ್ರ. ಕೊನೆಗೆ ಮಗುವನ್ನು ಮರಳಿ ಬಿಟ್ಟು, ಎಚ್ಚರಿಕೆಯ ಮಾತಿರುವ ಫಲಕ ತೋರಿಸುತ್ತಾರೆ. ಆ ತುದಿಯನ್ನು ಯಾರೋ ಕತ್ತರಿಸಿದ್ದರು.

ನಾನೂ ಆ ವಿಡಿಯೋವನ್ನು ಊರಿನ ಗೆಳೆಯರ ಗ್ರೂಪಿಗೆ "ಎಚ್ಚರ" ಎಂದು ಬರೆದು ಕಳಿಸಿದೆ. ಎರಡು ನಿಮಿಷ ಹುಡುಕಿದ್ದರೆ ಸತ್ಯ ತಿಳಿಯುತ್ತಿತ್ತು, ಹುಡುಕಲಿಲ್ಲ. ಮುಂದೆ ಊರಿಗೆ ಹೋದಾಗ ಅವ್ವ ಹೇಳಿದಳು: "ವರ್ಷಾ ಪಾತ್ರೆ ಮಾರಾಕ ಬರಾಕಿ ಬಂದಿದ್ಳು. ಹುಡುಗ್ರು ಕುಂದ್ರಿಸಿ, ಎಲ್ಲಿಯಾಕಿ, ಯಾಕ ಬಂದಿ ಅಂತ ಕಾಡಿದ್ರು. ನೀರೂ ಕುಡೀಲಾರದ ಹೋದ್ಳು. ಆ ವಿಡಿಯೋ ನೀನ ಕಳಿಸಿದ್ದಂತಲ್ಲೋ?" ನನಗೆ ಉತ್ತರ ಹೊಳೆಯಲಿಲ್ಲ. ಆಕೆ ಮತ್ತೆ ನಮ್ಮ ಓಣಿಗೆ ಬಂದಿಲ್ಲ.

ನಮ್ಮೂರಿನದು ಅಷ್ಟಕ್ಕೇ ಮುಗಿಯಿತು. ಬೇರೆಡೆ ಮುಗಿಯಲಿಲ್ಲ. ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿ ಬಂದಿದ್ದ ರಾಜಸ್ಥಾನದ ಯುವಕನನ್ನು ಮಕ್ಕಳ ಕಳ್ಳನೆಂದು ಹೊಡೆದು ಕೊಂದರು. ಜುಲೈ 13ರಂದು ಬೀದರ ಜಿಲ್ಲೆಯ ಔರಾದ ತಾಲೂಕಿನಲ್ಲಿ, ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪೊಂದು ಮಕ್ಕಳಿಗೆ ಚಾಕಲೇಟ್ ಕೊಟ್ಟಿತು. ಜನ ಸಂಶಯಪಟ್ಟರು. ಅವರು ಕಾರಿನಲ್ಲಿ ಹೊರಟರೂ ಅವರಿಗಿಂತ ಮುಂಚೆ ಸಂದೇಶ ಮುರ್ಕಿ ಗ್ರಾಮ ತಲುಪಿತ್ತು. ಅಲ್ಲಿ ದಾರಿ ಕಟ್ಟಿ ಹೊಡೆದರು. ತಡೆಯಲು ಹೋದ ಪೊಲೀಸರಿಗೂ ಗಾಯವಾಯಿತು. ಸತ್ತವನಿಗೆ 32 ವರ್ಷ. ನನ್ನಂತೆಯೇ ಸಾಫ್ಟ್‌ವೇರ್ ಎಂಜಿನಿಯರ್.

ಅದಕ್ಕೆ ಮೂರು ದಿನ ಮೊದಲಷ್ಟೇ ವಾಟ್ಸಾಪ್ 'ಫಾರ್ವರ್ಡ್' ಎಂಬ ಗುರುತು ತಂದಿತ್ತು. ಘಟನೆಯಾದ ವಾರದಲ್ಲೇ, ಭಾರತದಲ್ಲಿ ಒಮ್ಮೆಗೆ 5 ಕಡೆ ಮಾತ್ರ ಕಳಿಸಬಹುದೆಂಬ ಮಿತಿ ಘೋಷಿಸಿತು. 2012ರಲ್ಲಿಯೂ 5, 2018ರಲ್ಲಿಯೂ 5! ಆದರೆ ಆಗ ಒಂದು ಗ್ರೂಪಿನಲ್ಲಿ 256 ಜನ ಇರಬಹುದಿತ್ತು. 5 ಗ್ರೂಪು ಎಂದರೆ 1,280 ಜನ. ಒಂದೇ ಬೆರಳಿನ ಡಂಗುರ. ಅದೂ ಅಲ್ಲದೆ ವಾಟ್ಸಾಪ್ ಸಂದೇಶ ಗೂಢಲಿಪಿಯಲ್ಲಿ ಸಾಗುತ್ತದೆ. ಕಳಿಸಿದವರು, ಪಡೆದವರು ಬಿಟ್ಟರೆ ಕಂಪನಿಗೂ ಓದಲಾಗದು. ನಮ್ಮ ಖಾಸಗಿತನಕ್ಕೆ ಇದು ಒಳ್ಳೆಯದೇ. ಆದರೆ ಸುಳ್ಳನ್ನು ನಡುದಾರಿಯಲ್ಲಿ ನಿಲ್ಲಿಸುವವರು ಯಾರೂ ಇಲ್ಲ ಎಂಬುದೂ ಅಷ್ಟೇ ನಿಜ. ನಿಲ್ಲಿಸಬೇಕಾದವರು ಕಳಿಸುವವರೇ.

ಈ ಸಂಚಿಕೆ ಓದುವ ತಮ್ಮ ತಂಗಿಯರೇ, ಈಗ ಮೋಸದ ರೂಪ ಬೇರೆಯಾಗಿದೆ. 'ಡಿಜಿಟಲ್ ಅರೆಸ್ಟ್' ಎಂದು ವಿಡಿಯೋ ಕರೆಯಲ್ಲಿ ಹೆದರಿಸುತ್ತಾರೆ. ಅಂಥದ್ದೊಂದು ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ. ಓಟಿಪಿ ಯಾರಿಗೂ ಹೇಳಬೇಡಿ. ಹಣ ಹೋದರೆ ನಾಚದೆ ಕೂಡಲೇ 1930ಕ್ಕೆ ಫೋನ್ ಮಾಡಿ. ಮನೆಯಲ್ಲಿ ಹಿರಿಯರಿಗೂ ಈ ನಂಬರ್ ಬರೆದುಕೊಡಿ. ಇವೆಲ್ಲವುಗಳಲ್ಲಿ ಮೋಸಗಾರರ ಬಂಡವಾಳ ಒಂದೇ: ನಮ್ಮ ಹೆದರಿಕೆ ಮತ್ತು ಅವಸರ.

ಲೆಕ್ಕ ಬರೆದ ಮೇಲೆ ಇನ್ನೊಮ್ಮೆ ತಾಳೆ ನೋಡು ಎಂದು ಈ ಶಾಲೆಯಲ್ಲೇ ಕಲಿಸಿದ್ದರು. ಪರೀಕ್ಷೆಯಲ್ಲಿ ಅದನ್ನು ಪಾಲಿಸಿದೆ, ಫೋನ್ ಕೈಗೆ ಬಂದಾಗ ಮರೆತೆ. ಪಾತ್ರೆ ಮಾರುವ ಆ ತಾಯಿಯ ಹೆಸರೂ ನನಗೆ ಗೊತ್ತಿಲ್ಲ, ಕ್ಷಮೆ ಕೇಳಲು. ನೀವಾದರೂ ಕಳಿಸುವ ಮುಂಚೆ ತಾಳೆ ನೋಡಿ.

– ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್