ನೆಲ ರೂಪಿಸಿದ ಬದುಕು: ಇಬ್ನ್ ಖಲ್ದೂನ್ ಮತ್ತು ನಮ್ಮ ಸೇಡಂ ಸೀಮೆ

ಮನುಷ್ಯನ ಮೈಬಣ್ಣ, ಊಟ, ನುಡಿ, ನಡವಳಿಕೆಗಳು ಎಲ್ಲಿಂದ ಬರುತ್ತವೆ? ವಂಶದಿಂದಲೋ, ಅವನು ನೆಲೆನಿಂತ ನೆಲದಿಂದಲೋ? ವಂಶದ ಹಿರಿಮೆಯನ್ನು ಮುಂದೊಡ್ಡಿ ಮತ್ತೊಬ್ಬರನ್ನು ಕೀಳಾಗಿ ಕಾಣುವ ರೂಢಿ ನಮ್ಮ ಮದುವೆಯ ಮಾತುಕತೆಗಳಿಂದ ಇಂದಿಗೂ ತೊಲಗಿಲ್ಲ. ಆದುದರಿಂದ ಈ ಪ್ರಶ್ನೆ ಬರಿಯ ಪಾಂಡಿತ್ಯದ್ದಲ್ಲ.

1332ರಲ್ಲಿ ಟ್ಯುನಿಸ್ ನಗರದಲ್ಲಿ ಜನಿಸಿದ ಇಬ್ನ್ ಖಲ್ದೂನ್ ತಮ್ಮ 'ಮುಖದ್ದಿಮಾ'ವನ್ನು 1377ರಲ್ಲಿ ರಚಿಸಿದರು. ಅಷ್ಟರಲ್ಲಿ ಕಲಬುರಗಿಯನ್ನು ರಾಜಧಾನಿಯಾಗಿಸಿಕೊಂಡಿದ್ದ ಬಹಮನಿ ರಾಜ್ಯ ಸ್ಥಾಪನೆಯಾಗಿ ಮೂವತ್ತು ವರ್ಷಗಳು ಸಂದಿದ್ದವು. ಗಾಳಿ, ಬಿಸಿಲು ಮತ್ತು ಆಹಾರಗಳು ಜನರ ದೇಹ ಹಾಗೂ ಸ್ವಭಾವಗಳ ಮೇಲೆ ಬೀರುವ ಪ್ರಭಾವವನ್ನು ಅವರು ಅದರಲ್ಲಿ ವಿವರವಾಗಿ ಚರ್ಚಿಸಿದ್ದಾರೆ. ಪ್ರವಾದಿ ನೂಹ್(ಅ)ರ ಪುತ್ರ ಹಾಮನಿಗೆ ತಗುಲಿದ ಶಾಪದಿಂದ ಅವನ ಸಂತತಿಯ ಬಣ್ಣ ಕಪ್ಪಾಯಿತೆಂಬ ಕಥೆ ಆಗ ಪ್ರಚಲಿತವಾಗಿತ್ತು. ಇಬ್ನ್ ಖಲ್ದೂನ್ ಅದನ್ನು ತಳ್ಳಿಹಾಕಿ, ಬಣ್ಣಕ್ಕೆ ಕಾರಣ ಶಾಪವಲ್ಲ, ಹವಾಮಾನವೆಂದು ಹೇಳಿದರು.

ಈ ದೃಷ್ಟಿಯಿಂದ ನಮ್ಮ ಸೀಮೆಯನ್ನು ನೋಡೋಣ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್‌ಗಳ ನೆಲದಡಿ ಸುಣ್ಣಕಲ್ಲಿದೆ. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿದ್ದ ಕಡಲಿನ ತಳದಲ್ಲಿ ಪದರಪದರವಾಗಿ ಕೂತ ಕೆಸರೇ ಕಲ್ಲಾಗಿರುವುದರಿಂದ ಅದು ಹಲಗೆಯಂತೆ ಸೀಳಿ ಬರುತ್ತದೆ. ಗೋಡೆಗೂ ನೆಲಹಾಸಿಗೂ ಅದೇ ಕಲ್ಲು. ಕಲ್ಲಿನ ದಪ್ಪ ಗೋಡೆ ವೈಶಾಖದ ಬಿಸಿಲನ್ನು ಹೊರಗೇ ತಡೆದರೆ, ಸಂಜೆಯ ತಂಪಿಗೆ ಮನೆಮಂದಿ ಮಾಳಿಗೆ ಏರುತ್ತಾರೆ. ಮೇಲಿನ ಕಪ್ಪು ಎರೆಮಣ್ಣು ಮಳೆಯ ನೀರನ್ನು ಹಿಡಿದಿಟ್ಟುಕೊಂಡು ಹಿಂಗಾರಿನ ಬಿಳಿಜೋಳವನ್ನು ಬೆಳೆಸುತ್ತದೆ. ಆಳಕ್ಕೆ ಬೇರಿಳಿಸುವ ತೊಗರಿ ಮಳೆ ಕೈಕೊಟ್ಟರೂ ತಾಳಿಕೊಳ್ಳುತ್ತದೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಮಾನ್ಯತೆ ದೊರೆತದ್ದು ಒಂದರ್ಥದಲ್ಲಿ ಈ ಮಣ್ಣಿಗೆ ದೊರೆತ ಮಾನ್ಯತೆ. ಪಕ್ಕದ ಚಿಂಚೋಳಿಗೆ ಹೋದರೆ ಮಣ್ಣು ಕೆಂಪಾಗುತ್ತದೆ. ಹೊಲದ ಬಯಲು ಕಳೆದು ಕುರುಚಲು ಕಾಡು ಎದುರಾಗುತ್ತದೆ, ತೋಳ, ಕತ್ತೆಕಿರುಬಗಳ ನೆಲೆ ಸಿಗುತ್ತದೆ. ಆ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಮಣ್ಣು ಬದಲಾದಂತೆ ಜೀವವೂ ಬದಲಾಗಿದೆ.

ಮನುಷ್ಯರೂ ಇದಕ್ಕೆ ಹೊರತಲ್ಲ. ಅರಬ್, ಇರಾನ್, ದೆಹಲಿಗಳಿಂದ ದಖ್ಖನಿಗೆ ಬಂದವರ ಸಂತತಿ ಇಲ್ಲಿಯವರೊಂದಿಗೆ ಬೆರೆತು ಜೋಳದ ರೊಟ್ಟಿ ಉಂಡಿತು. ಅವರ ನುಡಿ ಕನ್ನಡ, ಮರಾಠಿ, ತೆಲುಗುಗಳ ಒಡನಾಟದಲ್ಲಿ ದಖನಿಯಾಯಿತು. ಇಂದು ನೆರೆಯ ಲಿಂಗಾಯತರ ಅಡುಗೆಮನೆಯಲ್ಲೂ ನಮ್ಮ ಅಡುಗೆಮನೆಯಲ್ಲೂ ಬೇಯುವುದು ಅದೇ ತೊಗರಿಬೇಳೆ. ಹೀಗಿರುವಾಗ ನಮ್ಮ ಬಹುಪಾಲು ಬದುಕನ್ನು ರೂಪಿಸಿದ್ದು ವಂಶಾವಳಿಯಲ್ಲ, ಈ ನೆಲ.

ಹಾಗೆಂದು ಇಬ್ನ್ ಖಲ್ದೂನರ ಎಲ್ಲ ತೀರ್ಮಾನಗಳನ್ನೂ ಒಪ್ಪಬೇಕಿಲ್ಲ. ಅತಿ ಬಿಸಿಲಿನ ನಾಡಿನವರ ಬುದ್ಧಿ, ಸ್ವಭಾವಗಳ ಬಗ್ಗೆ ಅವರು ಹಗುರವಾಗಿ ಬರೆದದ್ದೂ ಉಂಟು. ಅದಕ್ಕೆ ಉತ್ತರ ಸೇಡಂ ತಾಲ್ಲೂಕಿನ ಕಾಗಿಣಾ ನದಿಯ ದಡದಲ್ಲೇ ಇದೆ. ಇದೇ ಉರಿಬಿಸಿಲಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. 9ನೇ ಶತಮಾನದ ಅರಬ್ಬೀ ವೃತ್ತಾಂತವೊಂದು ಅಲ್ಲಿಯ ಅರಸನನ್ನು 'ಬಲ್‌ಹರಾ' ಎಂದು ಕರೆದು ಲೋಕದ ನಾಲ್ವರು ಮಹಾರಾಜರಲ್ಲಿ ಎಣಿಸಿತು; 10ನೇ ಶತಮಾನದ ಅಲ್ ಮಸ್ಊದಿ ಆ ರಾಜಧಾನಿಯನ್ನು 'ಮಾನ್ಕೀರ್' ಎಂದು ದಾಖಲಿಸಿದರು. ಕನ್ನಡದ 'ಕವಿರಾಜಮಾರ್ಗ' ಮೂಡಿದ್ದೂ ಅದೇ ಆಸ್ಥಾನದಲ್ಲಿ. ನೆಲ ನಮ್ಮ ರೂಢಿಗಳನ್ನು ರೂಪಿಸುತ್ತದೆ ನಿಜ. ಆದರೆ ಬುದ್ಧಿಗೆ ಬೇಲಿ ಹಾಕುವುದಿಲ್ಲ.

ಈಗ ಸರದಿ ತಿರುಗಿದೆ. ನಮ್ಮನ್ನು ರೂಪಿಸಿದ ನೆಲವನ್ನು ನಾವೇ ರೂಪಿಸತೊಡಗಿದ್ದೇವೆ. ಸಿಮೆಂಟಿಗಾಗಿ ಸುಣ್ಣಕಲ್ಲನ್ನು ಸುಟ್ಟಾಗ ಅದರಲ್ಲಿ ಯುಗಗಳಿಂದ ಅಡಗಿದ್ದ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರಿ ಭೂಮಿಯ ಕಾವನ್ನು ಹೆಚ್ಚಿಸುತ್ತದೆ. ಆ ಕಾರ್ಖಾನೆಗಳೇ ನಮ್ಮ ಅನೇಕ ಮನೆಗಳ ಒಲೆ ಉರಿಸುತ್ತಿವೆ ಎಂಬುದನ್ನೂ ನಾವು ಮರೆಯಲಾರೆವು. ಆದರೆ ಮನುಷ್ಯನು ಭೂಮಿಯ ಒಡೆಯನಲ್ಲ, ಖಲೀಫಾ. ಅದು ಅವನ ಕೈಗಿತ್ತ ಅಮಾನತ್ ಎಂದು ನಂಬಿದವರು ನಾವು. ತೋಡಿ ಬಿಟ್ಟ ಗಣಿಗುಂಡಿಗಳನ್ನು ಮುಚ್ಚುವಂತೆ, ಧೂಳನ್ನು ತಡೆಯುವಂತೆ, ಗಿಡ ನೆಡುವಂತೆ ಕೇಳುವುದು ಆ ಅಮಾನತ್ತಿನ ಭಾಗವೇ. ಮಕ್ಕಳಿಗೆ ವಂಶದ ಕಥೆ ಹೇಳುವ ಮೊದಲು ಕಾಲಡಿಯ ಕಲ್ಲಿನ ಕಥೆಯನ್ನು ಹೇಳೋಣ. ಅದು ಅಹಂಕಾರವನ್ನಲ್ಲ, ಹೊಣೆಯನ್ನು ಕಲಿಸುತ್ತದೆ.