ಕೊಕ್ಕರೆ ಬೆಳ್ಳೂರು: ಪಕ್ಷಿಸಂರಕ್ಷಣೆಯ ಇತಿಹಾಸ

ಕೊಕ್ಕರೆ ಬೆಳ್ಳೂರು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ, ಶಿಂಷಾ ನದಿಗೆ ಸಮೀಪದಲ್ಲಿರುವ ಗ್ರಾಮ. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಇಲ್ಲಿ ಮನೆಗಳ ನಡುವಿನ ಹುಣಸೆ, ಆಲ, ಅರಳಿ, ಬಸರಿ ಮರಗಳಲ್ಲೇ ಗೂಡು ಕಟ್ಟಿ ಮರಿಮಾಡುತ್ತವೆ. ಬೇಲಿ, ಕಾವಲು, ಕಾನೂನು ಯಾವುದೂ ಇಲ್ಲದಿದ್ದ ಕಾಲದಲ್ಲೂ ಈ ಹಕ್ಕಿಗಳ ನೆಲೆ ಉಳಿದುಬಂದದ್ದು ಊರಿನವರ ನಡವಳಿಕೆಯಿಂದ.

ಋತುಚಕ್ರ: ಮಳೆಗಾಲ ಮುಗಿದು ಕೆರೆಗಳು ತುಂಬಿದ ಮೇಲೆ, ಅಕ್ಟೋಬರ್-ನವೆಂಬರ್ ಹೊತ್ತಿಗೆ ಹೆಜ್ಜಾರ್ಲೆಗಳು ಬರತೊಡಗುತ್ತವೆ. ಬಣ್ಣದ ಕೊಕ್ಕರೆಗಳು ತುಸು ತಡವಾಗಿ ಗೂಡು ಹಿಡಿಯುತ್ತವೆ. ಬೇಸಿಗೆಯಲ್ಲಿ ನೀರು ಇಳಿದು ಮೀನುಗಳು ಒಂದೆಡೆ ಸೇರುವುದರಿಂದ ಮರಿಗಳಿಗೆ ಆಹಾರ ಸುಲಭವಾಗಿ ಸಿಗುತ್ತದೆ. ಮುಂಗಾರು ಶುರುವಾಗುವ ವೇಳೆಗೆ ಹಕ್ಕಿಗಳು ಮರಗಳನ್ನು ತೆರವು ಮಾಡುತ್ತವೆ.

ಹಳೆಯ ದಾಖಲೆಗಳ ಗೊಂದಲ: ಈ ತಾಣವನ್ನು ಮೊದಲು ದಾಖಲಿಸಿದವನು ಪಕ್ಷಿತಜ್ಞ ಟಿ. ಸಿ. ಜೆರ್ಡನ್ ಎಂದು ಹಲವು ಬರಹಗಳು ಹೇಳುತ್ತವೆ. ಭಾರತದ ಹಕ್ಕಿಗಳನ್ನು ಕುರಿತ 1862-64ರ ತನ್ನ ಗ್ರಂಥದಲ್ಲಿ ಜೆರ್ಡನ್, ಕರ್ನಾಟಿಕ್ ಪ್ರದೇಶದ ಹಳ್ಳಿಯೊಂದರ ನಡುವೆ ಹೆಜ್ಜಾರ್ಲೆಗಳು ಜನರಿಗೆ ಅಂಜದೆ ಗೂಡು ಕಟ್ಟುವುದನ್ನು ವರ್ಣಿಸಿದ್ದಾನೆ. ಆದರೆ ಹಳ್ಳಿಯ ಹೆಸರು ಕೊಟ್ಟಿಲ್ಲ. ಅಂದಿನ ಇಂಗ್ಲಿಷರ ಬಳಕೆಯಲ್ಲಿ ಕರ್ನಾಟಿಕ್ ಎಂದರೆ ಮುಖ್ಯವಾಗಿ ಮದರಾಸು ಕಡೆಯ ಬಯಲುಸೀಮೆ, ಮೈಸೂರಿನ ಪ್ರಸ್ಥಭೂಮಿಯಲ್ಲ. ಕಡಪಾ ಜಿಲ್ಲೆಯ ಬುಚ್ಚುಪಲ್ಲೆಯಲ್ಲೂ ಇಂಥದೇ ತಾಣವಿದ್ದುದು 1902ರಲ್ಲಿ ವರದಿಯಾಯಿತು. ಜೊತೆಗೆ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ಲೇಗಿನಿಂದಾಗಿ ತಮ್ಮ ಊರು ಈಗಿನ ಜಾಗಕ್ಕೆ ಬಂತು, ಹಕ್ಕಿಗಳೂ ಹಿಂಬಾಲಿಸಿ ಬಂದವು ಎಂದು ಬೆಳ್ಳೂರಿನವರು ಹೇಳುತ್ತಾರೆ. ಹೀಗಾಗಿ ಜೆರ್ಡನ್ ಕಂಡದ್ದು ಬೆಳ್ಳೂರನ್ನೇ ಎಂಬುದು ಊಹೆಯಾಗಿಯೇ ಉಳಿಯುತ್ತದೆ. ಹಕ್ಕಿಗಳ ಜೊತೆಗಿನ ಬಹುಕಾಲದ ಒಡನಾಟಕ್ಕೆ ಊರಿನ ನೆನಪೇ ಹೆಚ್ಚು ನೇರವಾದ ಸಾಕ್ಷ್ಯ.

ಖಚಿತ ದಾಖಲೆ ದೊರೆಯುವುದು 1976ರಿಂದ. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಇಲ್ಲಿನ ಗೂಡುಗಳನ್ನು ಗುರುತಿಸಿ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ ಟಿಪ್ಪಣಿ ಪ್ರಕಟಿಸಿದರು. ಅದು ತಾಣ ವಿಜ್ಞಾನದ ಲೆಕ್ಕಕ್ಕೆ ಬಂದ ಕಾಲ. ಸಂರಕ್ಷಣೆ ಅದಕ್ಕೂ ಬಹಳ ಹಿಂದಿನದು.

ಊರಿನ ಪದ್ಧತಿ: ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುವುದು ಇಲ್ಲಿನ ರೂಢಿ. ಹುಣಸೆ ಬಡಿಯುವ ಕಾಲವೂ ಗೂಡಿನ ಕಾಲವೂ ಒಂದೇ ಆದ್ದರಿಂದ, ಗೂಡುಗಳಿರುವ ಮರದ ಫಸಲನ್ನು ಒಡೆಯರು ಬಿಟ್ಟುಕೊಡುತ್ತ ಬಂದರು. ಮರದಡಿ ಬಿದ್ದ ಹಿಕ್ಕೆ ಕೆರೆಗೋಡಿನೊಡನೆ ಸೇರಿ ಹೊಲಕ್ಕೆ ಗೊಬ್ಬರವಾಗುತ್ತಿತ್ತು. ರಾಸಾಯನಿಕ ಗೊಬ್ಬರ ಬಂದು, ಹುಣಸೆಗೂ ಮರಕ್ಕೂ ಬೆಲೆ ಏರಿದಂತೆ ಈ ಕೊಡುಕೊಳೆಯ ಸಮತೋಲ ತಪ್ಪಿತು. ಆ ನಷ್ಟ ತುಂಬಲು ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರ ನೀಡತೊಡಗಿತು. 1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರು ಗ್ರಾಮಸ್ಥರೊಡನೆ ಸೇರಿ ಹೆಜ್ಜಾರ್ಲೆ ಬಳಗ ಕಟ್ಟಿದರು. ಗೂಡಿನಿಂದ ಬಿದ್ದ ಮರಿಗಳನ್ನು ಮೀನುಣಿಸಿ ಸಾಕಿ ಹಾರಲು ಬಿಡುವುದು ಬಳಗದ ಮುಖ್ಯ ಕೆಲಸವಾಯಿತು.

ಕಾನೂನಿನ ಮನ್ನಣೆ: 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿಯ ಅಭಯಾರಣ್ಯದ ಕಲ್ಪನೆ ಜನವಸತಿಯ ಊರಿಗೆ ಹೊಂದುವಂಥದ್ದಲ್ಲ. 2002ರ ತಿದ್ದುಪಡಿ ಖಾಸಗಿ ಮತ್ತು ಸಮುದಾಯದ ಜಮೀನಿನಲ್ಲಿ ಸಮುದಾಯ ಮೀಸಲು ಪ್ರದೇಶ ರಚಿಸಲು ಅವಕಾಶ ಕೊಟ್ಟಿತು. ಅದರಂತೆ 2007ರಲ್ಲಿ ಬೆಳ್ಳೂರಿಗೆ ಆ ಸ್ಥಾನ ದೊರೆಯಿತು. ಜನರನ್ನು ಹೊರಗಿಡದೆ ಕಾಪಾಡಬಹುದೆಂದು ಕಾನೂನು ಒಪ್ಪಿದ್ದು ಇಲ್ಲಿನ ಇತಿಹಾಸದ ದೊಡ್ಡ ತಿರುವು.

ಇತ್ತೀಚಿನ ಸ್ಥಿತಿ: 2017ರ ಕೊನೆಯಿಂದ 2018ರ ಆರಂಭದವರೆಗೆ ಹತ್ತಾರು ಹೆಜ್ಜಾರ್ಲೆಗಳು ಸತ್ತವು. ಮೀನಿನ ಮೂಲಕ ದೇಹ ಸೇರುವ ಜಂತುಹುಳುಗಳ ಬಾಧೆ ಕಾರಣವೆಂದು ಪರೀಕ್ಷೆಗಳು ತೋರಿಸಿದವು. ಹಕ್ಕಿಗಳು ಮೇಯುವ ಕೆರೆಗಳು ಹಲವು ಊರುಗಳಿಗೆ ಸೇರಿದವು. ಅವುಗಳ ನೀರು ಕೆಟ್ಟರೆ ಬೆಳ್ಳೂರಿನ ಕಾಳಜಿಯೊಂದೇ ಸಾಲದು. ಹಳೆಯ ಮರಗಳು ಉರುಳುವ ಮೊದಲೇ ಹೊಸ ಸಸಿ ಬೆಳೆಸುವುದು ಮತ್ತು ಸುತ್ತಲಿನ ಕೆರೆಗಳನ್ನೂ ಸಂರಕ್ಷಣೆಯ ವ್ಯಾಪ್ತಿಗೆ ತರುವುದು ಈ ತಾಣದ ಮುಂದಿರುವ ಕೆಲಸಗಳು.