ದಿನಾ ಎರಡಾಣೆ: ಪಿಗ್ಮಿ ಕಲೆಕ್ಷನ್ ಕಲಿಸಿದ ವ್ಯಾಪಾರ

ಎಂದಿನಂತೆ ಸರಸ್ವತಿಪುರಂನ ನಮ್ಮ ಮನೆ ಮಹಡಿಯ ಪುಟ್ಟ ರೂಮಿನಿಂದ ಮಾತಾಡ್ತಿದ್ದೀನಿ. ಮಧ್ಯೆ ಚಾಮರಾಜಪುರಂ ಕಡೆಯಿಂದ ಟ್ರೇನ್ ಸದ್ದು ಬಂದ್ರೆ ಬೇಜಾರ್ ಮಾಡ್ಕೋಬೇಡಿ.

ಇವತ್ತಿನ ಕಥೆ ಶುರುವಾಗೋದು ಒಂದು ತಪ್ಪಿನಿಂದ. ತಪ್ಪು ನನ್ನದೇ.

ನಮ್ಮಮ್ಮ ಸಾರಿನ ಪುಡಿ, ಹುಳಿ ಪುಡಿ, ಚಟ್ನಿಪುಡಿ ಮಾಡಿ ಮಾರ್ತಾರೆ. ಎರಡು ವರ್ಷದ ಹಿಂದೆ ಅವರಿಗೆ ಇನ್‌ಸ್ಟಾಗ್ರಾಂನಲ್ಲಿ ಒಂದು ಪೇಜ್ ಮಾಡಿಕೊಟ್ಟೆ. ಆರು ತಿಂಗಳಾದರೂ ಫಾಲೋವರ್ಸ್ ಮುನ್ನೂರು ದಾಟಲಿಲ್ಲ. ಬಿ.ಕಾಂ. ಓದಿದ್ದೀನಿ, ಮಾರ್ಕೆಟಿಂಗ್ ಪೇಪರಲ್ಲಿ ಒಳ್ಳೇ ಮಾರ್ಕ್ಸೇ ಬಂದಿತ್ತು, ಆದರೂ ಹೀಗಾಯ್ತಲ್ಲ ಅಂತ ಅವಮಾನ. 'ಪೇಜ್ ಬೆಳೆಸಿಕೊಡ್ತೀವಿ' ಅನ್ನೋ ಒಬ್ಬರಿಗೆ ನಾಲ್ಕು ಸಾವಿರ ರೂಪಾಯಿ ಕಳಿಸಿದೆ. ಒಂದೇ ವಾರದಲ್ಲಿ ಫಾಲೋವರ್ಸ್ ಹತ್ತು ಸಾವಿರ! ಅಮ್ಮ ಖುಷಿಯಾಗಿ ಐದು ಕೆಜಿ ಪುಡಿ ಜಾಸ್ತಿ ಮಾಡಿಸಿಟ್ಟರು. ಆರ್ಡರ್ ಬಂದದ್ದು ಅದೇ ಹಳೇ ಗಿರಾಕಿಗಳಿಂದ ಮಾತ್ರ. ಉಳಿದ ಪುಡಿಯ ಘಮ ಹೋಯ್ತು, ಮೂರು ತಿಂಗಳು ನಾವೇ ತಿಂದ್ವಿ. ಆಗ ಅಮ್ಮ ಒಂದು ಮಾತು ಕೇಳಿದ್ರು: "ಹತ್ತು ಸಾವಿರ ಜನ ಅಂತೀಯಲ್ಲ, ಅವರಲ್ಲಿ ಯಾರ ಮನೇಲಿ ಸಾರು ಮಾಡ್ತಾರೆ ಹೇಳು ನೋಡೋಣ?"

ನನ್ನ ಹತ್ರ ಉತ್ತರ ಇರಲಿಲ್ಲ. ಆದರೆ ಇಂಥ ಪ್ರಶ್ನೆಗೆ ಬಾಯಲ್ಲೇ ಉತ್ತರ ಇಟ್ಕೊಂಡಿದ್ದ ಒಬ್ಬರು ನೆನಪಾದರು. ಪಿಗ್ಮಿ ಅಂಕಲ್.

ನಮ್ಮಪ್ಪ ಇದೇ ಏರಿಯಾದಲ್ಲಿ ಸಣ್ಣ ಜೆರಾಕ್ಸ್ ಅಂಗಡಿ ಇಟ್ಟಿದ್ರು. ಸಂಜೆ ಏಳಕ್ಕೆ ಮೊಪೆಡ್ ಸದ್ದು ಕೇಳಿದ್ರೆ ಪಿಗ್ಮಿ ಅಂಕಲ್ ಬಂದ್ರು ಅಂತ ಲೆಕ್ಕ. ಅಪ್ಪ ಐವತ್ತೋ ನೂರೋ ಕೊಡೋರು, ಅವರು ಬರೆದುಕೊಂಡು ರಸೀದಿ ಹರಿದು ಕೊಡೋರು. ಎರಡು ನಿಮಿಷದ ಕೆಲಸ. ಆ ಎರಡು ನಿಮಿಷದಲ್ಲೇ ನನ್ನ ಪರೀಕ್ಷೆ ಯಾವಾಗ, ಅಜ್ಜಿಯ ಮಂಡಿ ನೋವು ಹೇಗಿದೆ, ಯಾವ ತಿಂಗಳು ವ್ಯಾಪಾರ ಡಲ್, ಎಲ್ಲ ಅವರಿಗೆ ಗೊತ್ತಾಗ್ತಿತ್ತು. ಒಮ್ಮೆ ಅಪ್ಪನಿಗೆ ಜ್ವರ ಬಂದು ಮೂರು ದಿನ ಅಂಗಡಿ ಬಾಗಿಲು ಹಾಕಿದ್ವಿ. ನಾಲ್ಕನೇ ದಿನ ಅವರು ಮನೆಗೇ ಬಂದರು, ದುಡ್ಡು ಕೇಳೋಕಲ್ಲ, ಏನಾಯ್ತು ಅಂತ ನೋಡೋಕೆ.

ಈ ಪಿಗ್ಮಿ ಹುಟ್ಟಿದ್ದು ಎಲ್ಲಿ ಗೊತ್ತಾ? ನಮ್ಮ ಕರ್ನಾಟಕದಲ್ಲೇ, ಉಡುಪಿಯಲ್ಲಿ.

1925ಕ್ಕೆ ಹೋಗೋಣ. ಆಗ ಉಡುಪಿ ನಮ್ಮ ಮೈಸೂರು ಸಂಸ್ಥಾನಕ್ಕೆ ಸೇರಿರಲಿಲ್ಲ, ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಕೈಮಗ್ಗದ ಉದ್ಯಮ ಬಿಕ್ಕಟ್ಟಿಗೆ ಸಿಕ್ಕಿ ಅಲ್ಲಿನ ನೇಕಾರರು ಕಂಗೆಟ್ಟಿದ್ದರು. ಅವರಿಗೆ ಸಾಲ ಕೊಡಬೇಕು, ಕೊಡೋಕೆ ಬಂಡವಾಳ ಬೇಕು. ಮೂರು ಜನ ಸೇರಿದರು: ಬಟ್ಟೆ ವ್ಯಾಪಾರ ಬಲ್ಲ ಉಪೇಂದ್ರ ಅನಂತ ಪೈ, ಅವರ ತಮ್ಮ, ಡಾಕ್ಟರ್ ಆಗಿದ್ದ ಟಿ.ಎಂ.ಎ. ಪೈ, ಮತ್ತು ಇಂಜಿನಿಯರ್ ವಾಮನ ಕುಡ್ವ. 8,000 ರೂಪಾಯಿ ಬಂಡವಾಳದಲ್ಲಿ 'ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್' ಶುರುವಾಯ್ತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿದ್ದು ಇದೇ.

ಹಾಗಂತ ಆ ಕಡೆ ಬ್ಯಾಂಕೇ ಇರಲಿಲ್ಲ ಅಂತಲ್ಲ. ಮಂಗಳೂರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ, ಇಬ್ಬರೂ 1906ರಲ್ಲೇ ಬ್ಯಾಂಕ್ ಕಟ್ಟಿದ್ದರು. ಮುಂದೆ ಒಂದು ಕೆನರಾ ಬ್ಯಾಂಕ್ ಆಯ್ತು, ಇನ್ನೊಂದು ಕಾರ್ಪೊರೇಷನ್ ಬ್ಯಾಂಕ್. ಆದರೆ ದಿನದ ಕೂಲಿಯಲ್ಲಿ ಎರಡಾಣೆ ಉಳಿಸಿದೋನು ಅದನ್ನ ಹಿಡ್ಕೊಂಡು ಬ್ಯಾಂಕ್ ಮೆಟ್ಟಿಲು ಹತ್ತುತ್ತಾನಾ? ಅರ್ಧ ದಿನದ ಕೂಲಿ ಹೋಗುತ್ತೆ, ಮೇಲೆ ಸಂಕೋಚ ಬೇರೆ.

1928ರಲ್ಲಿ ಈ ಬ್ಯಾಂಕ್ ಅದನ್ನ ತಿರುಗಾಮುರುಗಾ ಮಾಡ್ತು. ನೀವು ಬರಬೇಡಿ, ನಾವೇ ದಿನಾ ನಿಮ್ಮ ಬಾಗಿಲಿಗೆ ಬರ್ತೀವಿ. ಎರಡಾಣೆ ಇದ್ದರೂ ಸಾಕು. ಅದೇ ಪಿಗ್ಮಿ ಡೆಪಾಸಿಟ್. ಬ್ರಹ್ಮಾವರದಲ್ಲಿ ಬ್ಯಾಂಕಿನ ಮೊದಲ ಬ್ರಾಂಚ್ ತೆರೆದದ್ದೂ ಅದೇ ವರ್ಷ.

ಸ್ವಲ್ಪ ಲೆಕ್ಕ ಹಾಕೋಣ. ರೂಪಾಯಿಗೆ 16 ಆಣೆ. ದಿನಕ್ಕೆ ಎರಡಾಣೆ ಅಂದ್ರೆ ತಿಂಗಳಿಗೆ 3 ರೂಪಾಯಿ 12 ಆಣೆ, ಒಂದು ದಿನವೂ ತಪ್ಪದಿದ್ರೆ ವರ್ಷಕ್ಕೆ 45 ರೂಪಾಯಿ 10 ಆಣೆ. ಉಳಿಸಿದೋನಿಗೆ ಅದು ದೊಡ್ಡ ಗಂಟು. ಬ್ಯಾಂಕಿಗೆ? ಮನೆ ಮನೆಗೆ ಜನ ಕಳಿಸಿ, ಕಮಿಷನ್ ಕೊಟ್ಟು, ಲೆಕ್ಕ ಬರೆದು, ಬಡ್ಡಿಯನ್ನೂ ಕೊಟ್ರೆ ಆ ಒಂದು ಖಾತೆಯಿಂದ ಏನೂ ಗಿಟ್ಟಲ್ಲ. ನಮ್ಮ ಕಾಮರ್ಸ್ ಕ್ಲಾಸಲ್ಲಿ ಯಾರಾದರೂ ಈ ಐಡಿಯಾ ಹೇಳಿದ್ರೆ ಮೇಷ್ಟ್ರು ನಕ್ಕು ಕೂರಿಸ್ತಿದ್ರು.

ಹಾಗಾದ್ರೆ ನಡೆದದ್ದು ಹೇಗೆ? ನನಗೆ ಕಾಣೋದು ಇಷ್ಟು. ಒಂದು ಮನೆಗೆ ಹೋಗೋ ಏಜೆಂಟ್ ಅದೇ ಬೀದಿಯ ಮೂವತ್ತು ಮನೆಗೂ ಹೋಗ್ತಾರೆ, ನಡಿಗೆಯ ಖರ್ಚು ಹಂಚಿಹೋಗುತ್ತೆ. ಮುನ್ನೂರು ದಿನ ತಪ್ಪದೆ ಎರಡಾಣೆ ಕಟ್ಟಿದವನ ಹತ್ರ ಸಂಬಳದ ಚೀಟಿ ಇಲ್ಲದಿದ್ರೂ ಅವನು ಎಂಥವನು ಅಂತ ಬ್ಯಾಂಕಿಗೆ ಗೊತ್ತಿರುತ್ತೆ. ನಾಳೆ ಅವನಿಗೆ ಮಗ್ಗಕ್ಕೋ ಅಂಗಡಿಗೋ ಸಾಲ ಬೇಕಾದ್ರೆ ಆ ಮುನ್ನೂರು ಎಂಟ್ರಿಯೇ ಸಾಕ್ಷಿ. ಇವತ್ತಿನ ಆ್ಯಪ್‌ಗಳು 'ಡೈಲಿ ಆಕ್ಟಿವ್ ಯೂಸರ್ಸ್' ಅಂತ ಬಾಯಿ ಬಡ್ಕೊಳ್ತಾವಲ್ಲ, ಉಡುಪಿಯವರು ಅದನ್ನ ಕಾಲ್ನಡಿಗೆಯಲ್ಲೇ ಸಾಧಿಸಿದ್ರು.

ಇನ್ನೊಂದು ವಿಷಯ. ಅಲ್ಲಿ ಬರೀ ನಗು, ಕುಶಲೋಪರಿ ಇರಲಿಲ್ಲ, ಬರವಣಿಗೆಯೂ ಇತ್ತು. ಕೊಟ್ಟ ದುಡ್ಡು ಕಣ್ಣೆದುರೇ ದಾಖಲಾಗಬೇಕು. ನಾವು ಆನ್‌ಲೈನಲ್ಲಿ ಸಂಬಂಧ ಕಟ್ಟೋದು ಅಂದ್ರೆ ಸಿಹಿಯಾಗಿ ಮಾತಾಡೋದು ಅಂದ್ಕೊಂಡಿದ್ದೀವಿ. ಹೇಳಿದ ಹೊತ್ತಿಗೆ ಹೋಗೋದು, ಲೆಕ್ಕ ತೋರಿಸೋದು ಅದಕ್ಕಿಂತ ಮುಖ್ಯ.

1969ರ ಜುಲೈ 19ರಂದು ದೇಶದ 14 ಬ್ಯಾಂಕುಗಳ ರಾಷ್ಟ್ರೀಕರಣ ಆದಾಗ ಅದರಲ್ಲಿ ಸಿಂಡಿಕೇಟ್ ಬ್ಯಾಂಕೂ ಇತ್ತು. 2020ರ ಏಪ್ರಿಲ್ 1ಕ್ಕೆ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯ್ತು. ಬ್ಯಾಂಕಿನ ಹೆಸರು ಬೋರ್ಡಿನಿಂದ ಹೋಯ್ತು, ಪಿಗ್ಮಿ ಅನ್ನೋ ಪದ ಮಾತ್ರ ನಮ್ಮ ಬಾಯಲ್ಲಿ ಉಳೀತು.

ಕಥೆ ಇಲ್ಲಿಗೇ ಮುಗಿಸಿದ್ರೆ ಚೆನ್ನಾಗಿರ್ತಿತ್ತು. ಆದರೆ ಒಂದು ಪ್ರಶ್ನೆ ಬಾಕಿ ಇದೆ. ಇಷ್ಟೆಲ್ಲ ನಂಬಿಕೆ ಕಟ್ಟಿದ್ದು ಯಾರು? ಬಿಸಿಲು ಮಳೆ ಅನ್ನದೆ ಬೀದಿ ಸುತ್ತಿದ ಏಜೆಂಟರು. ಅವರು ಬ್ಯಾಂಕಿನ ನೌಕರರಾ? ಅಲ್ಲ, ಕಮಿಷನ್ ಏಜೆಂಟರು ಅಷ್ಟೇ ಅಂದವು ಬ್ಯಾಂಕುಗಳು. ವಿವಾದ ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿಗೆ ಹೋಯ್ತು, 1988ರಲ್ಲಿ ತೀರ್ಪು ಬಂತು. ಬ್ಯಾಂಕುಗಳು ಒಪ್ಪದೆ ಮೇಲಕ್ಕೆ ಹೋದವು. ಕೊನೆಗೆ 2001ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಇವರೂ ಕಾರ್ಮಿಕರೇ, ಇವರು ಪಡೆಯೋ ಕಮಿಷನ್ ಕೂಡ ವೇತನವೇ. ಹಾಗಂತ ಕಾಯಂ ನೌಕರಿಯೇನೂ ಸಿಗಲಿಲ್ಲ. 1928ರಿಂದ 2001, ಅಂದ್ರೆ 73 ವರ್ಷ. ಅಷ್ಟು ದಿನ ಬೇಕಾಯ್ತು, ಬಾಗಿಲಿಗೆ ಬರೋ ಮನುಷ್ಯ ಮಾಡ್ತಿರೋದೂ ಕೆಲಸವೇ ಅಂತ ದೇಶದ ದೊಡ್ಡ ಕೋರ್ಟು ಹೇಳೋಕೆ.

ಯಾಕೆ ಹೇಳ್ತಿದ್ದೀನಿ ಅಂದ್ರೆ, ಇವತ್ತು ನಾವೂ ಅದೇ ಜಾಗದಲ್ಲಿದ್ದೀವಿ. ದಿನಾ ರೀಲ್ಸ್ ಹಾಕಿ, ಕಮೆಂಟಿಗೆಲ್ಲ ಉತ್ತರ ಕೊಟ್ಟು ಜನ ಸೇರಿಸೋರು ನಾವು, ಆ ಜನರ ಪಟ್ಟಿ ಇರೋದು ಆ್ಯಪ್ ಕಂಪನಿ ಹತ್ರ. ನಾಳೆ ಅಕೌಂಟ್ ಬ್ಲಾಕ್ ಆದ್ರೆ ನಮ್ಮ ಕೈಯಲ್ಲಿ ಒಂದು ಫೋನ್ ನಂಬರೂ ಉಳಿಯಲ್ಲ. ಪಿಗ್ಮಿ ಅಂಕಲ್‌ಗೆ ಕನಿಷ್ಠ ಬೀದಿಯ ಪ್ರತಿ ಮನೆ ಬಾಗಿಲು ಗೊತ್ತಿತ್ತು.

ಅಮ್ಮನ ಪುಡಿ ವ್ಯಾಪಾರಕ್ಕೆ ಈಗ ಒಂದು ಇನ್ನೂರು ಪೇಜಿನ ನೋಟ್‌ಬುಕ್ ಇದೆ. ಶುರು ಮಾಡಿದಾಗ 43 ಮನೆ. ಎಷ್ಟು ಜನ, ಖಾರ ಎಷ್ಟು, ಬೆಳ್ಳುಳ್ಳಿ ತಿಂತಾರಾ ಇಲ್ವಾ, ಅರ್ಧ ಕೆಜಿ ಎಷ್ಟು ದಿನ ಬರುತ್ತೆ, ಎಲ್ಲ ಅದರಲ್ಲಿದೆ. ಪುಡಿ ಖಾಲಿ ಆಗೋ ಹೊತ್ತಿಗೆ ಅಮ್ಮ ವಾಟ್ಸ್‌ಆ್ಯಪಲ್ಲಿ ಹೆಸರು ಹಿಡಿದು ವಾಯ್ಸ್ ಮೆಸೇಜ್ ಕಳಿಸ್ತಾರೆ. ಎಲ್ಲರಿಗೂ ಒಂದೇ ಮೆಸೇಜ್ ಫಾರ್ವರ್ಡ್ ಮಾಡೋ ಹಾಗಿಲ್ಲ ಅನ್ನೋದು ಅವರದೇ ರೂಲು. ಈಗ 71 ಮನೆ ಆಗಿದೆ. ಕೋಟ್ಯಧಿಪತಿ ಆಗ್ಲಿಲ್ಲ, ಆದರೆ ಪುಡಿ ಒಂದು ದಿನವೂ ಹಳಸಿಲ್ಲ.

ಈ ಸಂಚಿಕೆಗೋಸ್ಕರ ಪಿಗ್ಮಿ ಅಂಕಲ್‌ಗೆ ಫೋನ್ ಮಾಡೋಣ ಅಂತ ಅಪ್ಪನ ಮೊಬೈಲ್ ತೆಗೆದೆ. ನಂಬರ್ ಸೇವ್ ಆಗಿದ್ದದ್ದು 'ಪಿಗ್ಮಿ' ಅಂತ. ಅವರ ಹೆಸರೇನಪ್ಪಾ ಅಂತ ಕೇಳಿದೆ. ಅಪ್ಪ ಯೋಚನೆ ಮಾಡಿದ್ರು, ಅಮ್ಮನ್ನ ಕೇಳಿದ್ರು, ಇಬ್ಬರಿಗೂ ಗೊತ್ತಿಲ್ಲ. ಹದಿನೇಳು ವರ್ಷ ದಿನಾ ನಮ್ಮ ಅಂಗಡಿಗೆ ಬಂದ ಮನುಷ್ಯ, ನಮ್ಮನೆಯ ಪ್ರತಿಯೊಬ್ಬರ ಹೆಸರು ಹೇಳಿ ಕರೀತಿದ್ದೋರು. ಅವರ ಹೆಸರನ್ನ ನಾವು ಒಂದು ಸಲವೂ ಕೇಳಿರಲಿಲ್ಲ.

ಫೋನ್ ಮಾಡಿ ಮೊದಲು ಅದನ್ನೇ ಕೇಳಿದೆ. ಅವರು ಜೋರಾಗಿ ನಕ್ಕರು, ಹೇಳಿದರು. ಆಮೇಲೆ, "ಅಜ್ಜಿಯ ಮಂಡಿ ನೋವು ಹೇಗಿದೆಯಪ್ಪಾ?" ಅಂದರು. ಅಜ್ಜಿ ಹೋಗಿ ಎರಡು ವರ್ಷ ಆಯ್ತು ಅಂತ ಹೇಳೋಕೆ ನನಗೆ ಸ್ವಲ್ಪ ಹೊತ್ತು ಬೇಕಾಯ್ತು. ನಾವು ಅವರಿಗೆ ತಿಳಿಸಿಯೇ ಇರಲಿಲ್ಲ.

ನಿಮ್ಮ ಅಂಗಡಿಗೋ ಮನೆಗೋ ಪಿಗ್ಮಿಗೆ ಬರ್ತಿದ್ದೋರು ಯಾರು? ಅವರ ಹೆಸರು ಗೊತ್ತಾ? ಗೊತ್ತಿಲ್ಲದಿದ್ರೆ ಇವತ್ತೇ ಕೇಳಿ. ಮುಂದಿನ ವಾರ ಸಿಗೋಣ, ನಮಸ್ಕಾರ.